ಎದುರು ಮನೆಯ ಎಂಟು ಮೂಲೆಯ ಕನ್ನಡಿ

"ಯಾರೂ ಜೋರಾಗಿ ಉಸಿರು ಬಿಡಬೇಡಿ! ಚೀ ಶಕ್ತಿ ಗಾಬರಿಯಾಗುತ್ತೆ!" ಎಂದು ಸಂಪಂಗಿರಾಮಯ್ಯನವರು ಸ್ಟೂಲಿನ ಮೇಲೆ ನಿಂತು ಕೂಗಿದರು.

ಬೀದಿಯ ಇಪ್ಪತ್ತು ಜನ ಅವರ ನಡುಮನೆಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಎದುರು ಮನೆಯ ಮಂದಾಕಿನಿ ಮಾತ್ರ ಹೊಸ್ತಿಲ ಹತ್ತಿರವೇ ಇದ್ದಳು. ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಸಂಪಂಗಿರಾಮಯ್ಯನವರು ತಯಾರಿಸಿದ ಹದಿನಾಲ್ಕನೇ ಯಂತ್ರ ಇದು. ಅವರ ಯಂತ್ರ ನೋಡಲು ಹೋದವರು ಬಾಗಿಲ ಹತ್ತಿರ ನಿಲ್ಲಬೇಕೆಂಬುದನ್ನು ಹಿಂದಿನ ಹದಿಮೂರು ಯಂತ್ರಗಳು ಅವಳಿಗೆ ಕಲಿಸಿದ್ದವು.

ನಡುಮನೆಯ ಮಧ್ಯದಲ್ಲಿ ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಒಂದು ಪೆಟ್ಟಿಗೆ. ಅದರಿಂದ ಹೊರಬಂದ, ಆನೆಯ ಸೊಂಡಿಲಿನಂಥ ಕೊಳವೆ ಮೂಲೆ ಮೂಲೆಯನ್ನೂ ಮೂಸುತ್ತಿತ್ತು. ಪೆಟ್ಟಿಗೆಯ ವೈರು ಗೋಡೆ ಹತ್ತಿ, ಮುಂಬಾಗಿಲ ಮೇಲೆ ಹೊರಗಡೆಗೆ ಮುಖಮಾಡಿ ಕೂರಿಸಿದ್ದ ಕನ್ನಡಿಗೆ ಸೇರಿತ್ತು. ಎಂಟು ಮೂಲೆಯ ಕನ್ನಡಿ, ಮದುವೆಮನೆಯ ಹರಿವಾಣದಷ್ಟು ದೊಡ್ಡದು.

"ಮನೆಯೊಳಗೆ ಈ 'ಚೀ' ಅನ್ನೋ ಶಕ್ತಿ ಹೊಳೆ ಹರಿದ ಹಾಗೆ ಹರೀಬೇಕು ಅಂತ ಚೀನಾದವರು ಯಾವತ್ತೋ ಹೇಳಿದ್ದಾರೆ. ಸೋಫಾ ಎಲ್ಲಿರಬೇಕು, ಮಂಚ ಎಲ್ಲಿರಬೇಕು, ಗಿಡ ಎಲ್ಲಿರಬೇಕು, ಅದೇ ಫೆಂಗ್ ಶೂಯಿ! ಆದರೆ ಪಾಪ, ಅವರ ಹತ್ತಿರ ನನ್ನಂಥ ಇಂಜಿನಿಯರ್ ಇರಲಿಲ್ಲ!"

ಸೊಂಡಿಲು ಸೋಫಾವನ್ನು ಮೂಸಿತು. ಪೆಟ್ಟಿಗೆಯೊಳಗಿಂದ ಒಬ್ಬ ಹೆಂಗಸಿನ ಇಂಪಾದ ದನಿ ಬಂತು: "ಕ್ಷಮಿಸಿ, ನೀವು ಇಟ್ಟಿರುವ ಸೋಫಾ ಸರಿಯಾದ ಜಾಗದಲ್ಲಿಲ್ಲ. ದಯವಿಟ್ಟು ಪರೀಕ್ಷಿಸಿ ಮತ್ತೊಮ್ಮೆ ಇಡಿ."

ನಾಲ್ಕು ಜನ ಸೇರಿ ಸೋಫಾವನ್ನು ಎರಡಡಿ ಎಡಕ್ಕೆ ತಳ್ಳಿದರು. ಚಪ್ಪಲಿ ಸ್ಟ್ಯಾಂಡು ಮೆಟ್ಟಿಲ ಕೆಳಗಿನಿಂದ ಎದ್ದುಬಂತು. ನಗುವ ಬುದ್ಧ, ಮೂರು ಕಾಲಿನ ಕಪ್ಪೆ, ಗಾಜಿನ ಬಟ್ಟಲಲ್ಲಿ ಬಿದಿರು ಕಡ್ಡಿ, ಎಲ್ಲವೂ ಜಾಗ ಬದಲಿಸಿದವು. ಸಂಪಂಗಿರಾಮಯ್ಯನವರು ಕೆಂಪು ಗುಂಡಿ ಒತ್ತಿದರು.

ಗುಂಯ್ ಎಂದಿತು ಪೆಟ್ಟಿಗೆ. ಹನ್ನೆರಡು ವರ್ಷದಿಂದ ಕಿರುಗುಟ್ಟುತ್ತಿದ್ದ ಫ್ಯಾನು ತಟ್ಟನೆ ಸುಮ್ಮನಾಯಿತು! ಸುಟ್ಟು ಮೂಲೆ ಸೇರಿದ್ದ ಮಿಕ್ಸಿ ಅಡುಗೆಮನೆಯಲ್ಲಿ ತಾನಾಗಿ ತಿರುಗಿತು! ಸಂಪಂಗಿರಾಮಯ್ಯನವರು ತಮ್ಮ ಎಡಮಂಡಿ ಮುಟ್ಟಿ ನೋಡಿಕೊಂಡು, ಸ್ಟೂಲಿನಿಂದ ಧುಮುಕಿ, ಎರಡು ಬಸ್ಕಿ ಹೊಡೆದರು.

"ಮಂಡಿನೋವು ಹೋಯ್ತು! ಮನೆಯ ಕೆಟ್ಟ ಶಕ್ತಿಯನ್ನೆಲ್ಲ ಯಂತ್ರ ಹೀರಿಕೊಂಡು, ಆ ಕನ್ನಡಿಯಿಂದ ಹೊರಗೆ ಎಸೀತಾ ಇದೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮಂದಾಕಿನಿ ತಟ್ಟಲಿಲ್ಲ.

"ಹೊರಗೆ ಅಂದ್ರೆ ಎಲ್ಲಿಗೆ ಸಾರ್?"

"ಹೊರಗೆ ಅಂದ್ರೆ ಹೊರಗೇ ಅಮ್ಮಾ! ಒಳಗಲ್ಲ!"

ಮಂದಾಕಿನಿ ತಿರುಗಿ ಕನ್ನಡಿಯ ನೇರಕ್ಕೆ ನೋಡಿದಳು. ಇಪ್ಪತ್ತಡಿ ರಸ್ತೆಯಾಚೆ ಬಾತುಕೋಳಿಗಳ ಚಿತ್ರ ಬರೆದಿದ್ದ ಗೇಟು ಕಂಡಿತು. ಅದು ಅವಳ ಶಿಶುವಿಹಾರದ ಗೇಟು.

*

ಹನ್ನೊಂದು ವರ್ಷದಿಂದ ಮಂದಾಕಿನಿ ಮನೆಯ ಮುಂಭಾಗದಲ್ಲಿ ಆ ಶಿಶುವಿಹಾರ ನಡೆಸುತ್ತಿದ್ದಳು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಬಿಟ್ಟುಹೋಗಿ ಸಂಜೆ ನಾಲ್ಕಕ್ಕೆ ಕರೆದೊಯ್ಯುವ ಒಂಬತ್ತು ಮಕ್ಕಳು. ಹಾಲಿನ ಬಿಸಿಯನ್ನು ಎರಡು ಸಲ ನೋಡಿ, ಗೇಟಿನ ಚಿಲಕವನ್ನು ಮೂರು ಸಲ ನೋಡಿ ಮಕ್ಕಳನ್ನು ಕಾಯುವ ಹೆಂಗಸು ಅವಳು. ಒಂದು ಮಗುವಿಗೂ ಮಂಡಿ ತರಚಿದ್ದಿಲ್ಲ.

ಸೋಮವಾರ ಬೆಳಿಗ್ಗೆ ಹಾಲು ಒಡೆಯಿತು. ಬೇರೆ ಹಾಲು ತರಿಸಿದರೆ ಅದೂ ಒಡೆಯಿತು. ಒಂಬತ್ತು ಜೊತೆ ಚಪ್ಪಲಿಗಳಲ್ಲಿ ಎಡಗಾಲಿನವು ಮಾತ್ರ ಮಾಯವಾದವು. ಮಂಗಳವಾರ ಅವಳ ಹೊಸ ಮಿಕ್ಸಿ ಹೊಗೆ ಕಾರಿ ಸತ್ತಿತು. ಫ್ಯಾನು ಕಿರುಗುಟ್ಟಲು ಶುರುವಾಯಿತು. ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತು. ಹನ್ನೆರಡು ವರ್ಷ ಎದುರು ಮನೆಯಿಂದ ಕೇಳಿದ್ದು! ಊಟ ಮುಗಿಸಿ ಒರಗಿದ ಗಂಡ ಅಶ್ವತ್ಥ ಎದ್ದಾಗ ಎಡಗಾಲು ಊರಲಾಗದೆ ಗೋಡೆ ಹಿಡಿದ.

"ಮಂದಾ, ಮಂಡಿ ಕಣೆ... ಇದ್ದಕ್ಕಿದ್ದ ಹಾಗೆ!"

"ಅದು ನಿಮ್ಮ ಮಂಡಿನೋವಲ್ಲ ಕಣ್ರೀ, ಸಂಪಂಗಿರಾಮಯ್ಯನವರದ್ದು. ಗೊರಕೆನೂ ಅವರದ್ದೇ. ಕೊನೇಲಿ ಸೀಟಿ ಹೊಡೆದ ಹಾಗೆ ಬರುತ್ತಲ್ಲ, ಅದು ನಿಮಗೆ ಯಾವತ್ತು ಬರ್ತಿತ್ತು?"

ಅವಳು ಒಂದು ನೋಟ್‌ಬುಕ್ ತೆರೆದು ದಿನ, ಹೊತ್ತು, ಏನಾಯಿತು ಎಂದು ಬರೆದಿಡತೊಡಗಿದಳು. ಬುಧವಾರದ ಸಾಲಿನ ಕೆಳಗೆ ಅವಳು ಎರಡು ಗೆರೆ ಎಳೆದಳು. ಮಧ್ಯಾಹ್ನದ ನಿದ್ದೆಯಿಂದ ಎದ್ದ ಮೂರು ವರ್ಷದ ಇಂಚರ ಸೊಂಟಕ್ಕೆ ಕೈಕೊಟ್ಟು, "ಅಯ್ಯಪ್ಪಾ" ಎಂದು ಕುಳಿತು, ಗಂಟಲು ಸರಿಪಡಿಸಿಕೊಂಡು ಕೇಳಿತು: "ಪೆನ್ಷನ್ ಬಂತಾ?"

*

"ನಿಮ್ಮ ಮನೆ ಜೋಡಣೆ ಸರಿಯಿಲ್ಲ ಮಂದಾಕಿನಮ್ಮಾ," ಎಂದರು ಸಂಪಂಗಿರಾಮಯ್ಯನವರು, ತಮ್ಮ ಸೋಫಾದಲ್ಲಿ ಮೊಣಕಾಲು ಮಡಚಿ ಸುಖವಾಗಿ ಕುಳಿತು. "ಒಳ್ಳೇ ಜೋಡಣೆ ಇರೋ ಮನೆಗೆ ಕೆಟ್ಟ ಶಕ್ತಿ ಯಾಕೆ ನುಗ್ಗುತ್ತೆ? ತೊಟ್ಟಿಲುಗಳ ಕಾಲುದೆಸೆ ಬಾಗಿಲ ಕಡೆಗಿದೆ. ಮೊದಲು ಅದನ್ನ ತಿರುಗಿಸಿ."

"ತೊಟ್ಟಿಲು ತೂಗುತ್ತೆ ಸಾರ್! ಅದಕ್ಕೆಲ್ಲಿಯ ಕಾಲುದೆಸೆ? ನಿಮ್ಮ ಕನ್ನಡಿಯನ್ನ ಮೊದಲು ತಿರುಗಿಸಿ!"

"ಎಲ್ಲಿಗೆ ತಿರುಗಿಸಲಿ? ಎಡಗಡೆ ಲಾಯರ್ ಮನೆ!"

"ಲಾಯರಾದರೆ ಕೇಸು ಹಾಕ್ತಾರೆ, ನಾನಾದರೆ ಮಕ್ಕಳ ಮೂಗು ಒರೆಸ್ಕೊಂಡು ಸುಮ್ಮನಿರ್ತೀನಿ, ಅಲ್ವಾ?"

"ಛೆ ಛೆ, ಹಾಗಲ್ಲ. ವಿಜ್ಞಾನದಲ್ಲಿ..."

"ವಿಜ್ಞಾನ ನಾನೂ ಓದಿದ್ದೀನಿ ಸಾರ್, ಬಿಎಸ್ಸಿ ಫಿಸಿಕ್ಸ್. ವಿಜ್ಞಾನ ಬಿಡಿ. ಓದು ಬರಹ ಬಾರದ ನಮ್ಮಜ್ಜಿ ದೃಷ್ಟಿ ತೆಗೆದರೆ ಅದನ್ನ ಮೂರು ದಾರಿ ಕೂಡೋ ಕಡೆ ಹಾಕಿ ಬರ್ತಿದ್ದಳು. ಇನ್ನೊಬ್ಬರ ಬಾಗಿಲಿಗೆ ಹಾಕ್ತಿರಲಿಲ್ಲ!"

ಒಳಗಿನಿಂದ ಅವರ ಹೆಂಡತಿ ಚೂಡಾಮಣಿ ಇಣುಕಿದರು. "ಇಷ್ಟು ವರ್ಷಕ್ಕೆ ನನ್ನ ಮಿಕ್ಸಿ ತಿರುಗ್ತಿದೆ ಮಂದಾಕಿನಿ. ಒಂದು ವಾರ ತಡ್ಕೊಂಡ್ರೆ ಆಗಲ್ವಾ? ದೋಸೆ ಹಿಟ್ಟು ಬೇಕಾದ್ರೆ ಕೊಡ್ತೀನಿ."

ಮಂದಾಕಿನಿ ಹೊರಗೆ ನಡೆದಳು. ಗೇಟನ್ನು ಎಷ್ಟು ಜೋರಾಗಿ ಎಳೆದುಕೊಂಡಳೆಂದರೆ ಹೂಕುಂಡ ಉರುಳಿತು.

ಗುರುವಾರ ಸಂಜೆ ಒಂಬತ್ತು ತಾಯಂದಿರೂ ಒಟ್ಟಿಗೆ ಬಂದರು. ಇಂಚರಳ ಅಮ್ಮ ಶ್ರೀಲತಾ ಮುಂದೆ ನಿಂತು ಮಾತಾಡಿದಳು.

"ಬೇಜಾರು ಮಾಡ್ಕೋಬೇಡಿ ಮೇಡಂ. ನನ್ನ ಮಗಳು ಊಟಕ್ಕೆ ಕೂತರೆ ಉಪ್ಪು ಕಮ್ಮಿ ಅಂತ ಹುಬ್ಬು ಗಂಟಿಕ್ಕುತ್ತಾಳೆ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ ಅಂತಾಳೆ! ಅವಳ ಕಾಲ ಅಂದ್ರೆ ಮೂರು ವರ್ಷ ಮೇಡಂ! ಶನಿವಾರ ಸಂಜೆಯೊಳಗೆ ಇದು ಸರಿಹೋಗದಿದ್ದರೆ ನಾವೆಲ್ಲ ಮಕ್ಕಳನ್ನ ಬಿಡಿಸಿಬಿಡ್ತೀವಿ."

ಅವರು ಹೋದ ಮೇಲೆ ಮಂದಾಕಿನಿ ಖಾಲಿ ತೊಟ್ಟಿಲುಗಳನ್ನು ಗೋಡೆಗೆ ಸರಿಸಿದಳು. ಆಮೇಲೆ ಕೋಣೆಗೆ ಹೋಗಿ ಬೀರುವಿನ ಬಾಗಿಲ ಕನ್ನಡಿಯನ್ನು ಬಿಚ್ಚಿದಳು.

"ಏನ್ ಮಾಡ್ತಿದ್ದೀಯ?" ಅಶ್ವತ್ಥ ಕುಂಟುತ್ತ ಬಂದ.

"ಅವರ ಸಾಮಾನು ಅವರಿಗೆ ವಾಪಸ್ ಕಳಿಸ್ತಿದ್ದೀನಿ. ಆ ಕಡೆ ಹಿಡ್ಕೊಳ್ಳಿ!"

ಆಳೆತ್ತರದ ಕನ್ನಡಿ ಬಾತುಕೋಳಿಗಳ ಗೇಟಿನ ಮೇಲ್ಭಾಗಕ್ಕೆ ಅಡ್ಡಲಾಗಿ, ಎಂಟು ಮೂಲೆಯ ಕನ್ನಡಿಗೆ ಸರಿಯಾಗಿ ಎದುರಾಗಿ ನಿಂತಿತು. ಅರ್ಧ ಗಂಟೆಯಲ್ಲಿ ಎದುರು ಮನೆಯ ಫ್ಯಾನು ಕಿರುಗುಟ್ಟಿತು. "ಅಯ್ಯೋ, ನನ್ನ ಮಿಕ್ಸಿ!" ಎಂಬ ಕೂಗೂ ಕೇಳಿತು. ಆ ವಾರ ಮೊದಲ ಸಲ ಮಂದಾಕಿನಿ ಕಾಫಿಯನ್ನು ಬಿಸಿಯಾಗಿ ಕುಡಿದಳು.

ಫಿಸಿಕ್ಸ್ ಓದಿದವಳಿಗೆ ಹೊಳೆಯಬೇಕಿತ್ತು. ಸಿಟ್ಟು ಬಂದಾಗ ಫಿಸಿಕ್ಸ್ ನೆನಪಾಗುವುದಿಲ್ಲ.

*

ಶುಕ್ರವಾರ ಬೆಳಿಗ್ಗೆ ಎರಡು ಮನೆಗಳ ನಡುವಿನ ರಸ್ತೆಯಲ್ಲಿ ಒಂದು ಸ್ಕೂಟರು ಪಂಕ್ಚರಾಯಿತು. ಮಧ್ಯಾಹ್ನದ ಹೊತ್ತಿಗೆ ಏಳು, ಎಲ್ಲವೂ ಒಂದೇ ಗೆರೆಯ ಮೇಲೆ! ತರಕಾರಿ ಗಾಡಿಯ ಟೊಮ್ಯಾಟೊಗಳು ತಾವಾಗಿ ಒಂದೊಂದೇ ಹಾರಿ ಚರಂಡಿಗೆ ಬಿದ್ದವು. ನಿಶ್ಚಿತಾರ್ಥಕ್ಕೆ ಹೊರಟಿದ್ದ ಒಬ್ಬ ಯುವಕ ಆ ಗೆರೆ ದಾಟುತ್ತಿದ್ದಂತೆ ಹುಡುಗಿಯ ಹೆಸರನ್ನೇ ಮರೆತು, ಅಲ್ಲೇ ನಿಂತು ತಲೆ ಕೆರೆದುಕೊಂಡ. ಶನಿವಾರದ ಹೊತ್ತಿಗೆ ಎರಡು ಕನ್ನಡಿಗಳ ನಡುವೆ ಗಾಳಿಯೇ ಬೂದುಬಣ್ಣಕ್ಕೆ ತಿರುಗಿ, ಕಡೆದ ಮಜ್ಜಿಗೆಯಂತೆ ಗುಳುಗುಳು ಎನ್ನತೊಡಗಿತು.

ಆಗ ಮಂದಾಕಿನಿಗೆ ಹೊಳೆಯಿತು. ಅವಳು ನೋಟ್‌ಬುಕ್ ಕೆಳಗಿಟ್ಟು ತಲೆಯ ಮೇಲೆ ಕೈ ಹೊತ್ತಳು.

"ರೀ, ಲೇಸರ್ ಕಣ್ರೀ ಇದು! ಎರಡು ಕನ್ನಡಿ ಎದುರುಬದುರು ಇಟ್ಟು ನಡುವೆ ಬೆಳಕು ಕೂಡಿಹಾಕಿದ್ರೆ, ಅದು ಹೋಗಿ ಬಂದು ಹೋಗಿ ಬಂದು ಬಲೀತಾ ಹೋಗುತ್ತೆ. ಅವರ ಕೆಟ್ಟ ಶಕ್ತಿ ಎರಡು ದಿನದಿಂದ ಹಾಗೇ ಬಲೀತಿದೆ!"

"ನಿನ್ನ ಕನ್ನಡಿ ತೆಗೆದುಬಿಡು ಮತ್ತೆ!"

"ತೆಗೆದ್ರೆ ಅಷ್ಟೂ ಒಂದೇ ಏಟಿಗೆ ನಮ್ಮನೆಯೊಳಗೆ ಬರುತ್ತೆ. ಒಳಗೆ ಮಕ್ಕಳಿದಾರೆ!"

ಗಡಿಯಾರ ಮೂರೂ ನಲವತ್ತು ತೋರಿಸುತ್ತಿತ್ತು. ಮಕ್ಕಳು ಹೊರಗೆ ಹೋಗಬೇಕಾದ್ದು ಆ ಗೇಟಿನಿಂದಲೇ. ಹಿತ್ತಿಲಲ್ಲಿ ಆಳೆತ್ತರದ ಗೋಡೆ. ಇಪ್ಪತ್ತು ನಿಮಿಷದಲ್ಲಿ ಒಂಬತ್ತು ತಾಯಂದಿರು ಆ ಬೂದುಗಾಳಿಗೆ ಎದುರಾಗಿ ಬಂದು ನಿಲ್ಲುತ್ತಾರೆ. ಮಂದಾಕಿನಿ ಒಂಬತ್ತು ಮಕ್ಕಳನ್ನೂ ಹಿಂದಿನ ಕೋಣೆಗೆ ಸೇರಿಸಿ, ಅಶ್ವತ್ಥನನ್ನು ಬಾಗಿಲಿಗೆ ಕಾವಲು ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನ ಪಕ್ಕ ಸ್ಟೂಲು ಹಾಕಿ ಹತ್ತಿದಳು.

"ಸಂಪಂಗಿರಾಮಯ್ಯನವರೇ! ಹೊರಗೆ ಬನ್ನಿ!"

ಅವರು ಹೊಸ್ತಿಲಿಗೆ ಬಂದರು. ಚೂಡಾಮಣಿ ಅದಕ್ಕೆ ಮೊದಲೇ ಬೂದುಗೆರೆಯ ಆಚೆ ಪಕ್ಕದಲ್ಲಿ, ತಮ್ಮ ಗೇಟಿನ ಹೊರಗೆ ನಿಂತು ಗಂಡನನ್ನು ಬಯ್ಯುತ್ತಿದ್ದರು.

"ಇಬ್ಬರೂ ಒಟ್ಟಿಗೆ ಕನ್ನಡಿಯನ್ನ ಆಕಾಶಕ್ಕೆ ತಿರುಗಿಸಬೇಕು. ಒಟ್ಟಿಗೆ! ಮೂರು ಅಂದ ತಕ್ಷಣ!"

"ನೀವು ಮೊದಲು ತಿರುಗಿಸಿ, ಏನಾಗುತ್ತೆ ನೋಡೋಣ. ಲೇಡೀಸ್ ಫಸ್ಟ್!"

"ನನ್ನ ಹಿಂದೆ ಒಂಬತ್ತು ಮಕ್ಕಳಿದಾರೆ! ನಿಮ್ಮ ಹಿಂದೆ ಇರೋದು ಮೂರು ಕಾಲಿನ ಕಪ್ಪೆ!"

"ಆ ಕಪ್ಪೆ ಬಗ್ಗೆ ಹಗುರವಾಗಿ ಮಾತಾಡಬೇಡಿ! ಮೊದಲು ಯಂತ್ರವನ್ನ ಕೇಳ್ತೀನಿ, ಯಾವ ದಿಕ್ಕು ಶುಭ ಅಂತ..."

"ರೀ!" ಎಂದು ಚೂಡಾಮಣಿ ಕಿರುಚಿದರು. "ಮೂವತ್ತೆಂಟು ವರ್ಷ ನಿಮ್ಮ ಜೊತೆ ಬಾಳ್ವೆ ಮಾಡಿದೀನಿ. ಒಂದು ಸಲ, ಒಂದೇ ಒಂದು ಸಲ, ಹೇಳಿದ್ದು ಮಾಡಿ!"

ಬೀದಿಯ ತುದಿಯಲ್ಲಿ ಶ್ರೀಲತಾಳ ಸ್ಕೂಟರು ಕಾಣಿಸಿತು. ಮಂದಾಕಿನಿ ಕನ್ನಡಿಯ ಎರಡೂ ಅಂಚು ಹಿಡಿದಳು. ಬೆರಳುಗಳಲ್ಲಿ ಬೇರೆಯವರ ವಾತ, ಬೇರೆಯವರ ಹಲ್ಲುನೋವು, ಬೇರೆಯವರ ಹಳೆಯ ಜಗಳಗಳು ಇರುವೆಯಂತೆ ಹರಿದವು.

"ಒಂದು! ಎರಡು! ಮೂರು!"

ಅವಳ ಕನ್ನಡಿ ಆಕಾಶಕ್ಕೆ ತಿರುಗಿತು. ಅವಳ ಪಾಲಿನ ಬೂದುಗಾಳಿ ಭರ್ ಎಂದು ಮೇಲೇರಿತು. ಹಾರುತ್ತಿದ್ದ ಕಾಗೆಯೊಂದು ಸ್ವಲ್ಪ ದೂರ ಹಿಂದುಹಿಂದಕ್ಕೆ ಹಾರಿ, ಅವಮಾನವಾದಂತೆ ಕೂಗಿ, ಮತ್ತೆ ಸರಿಯಾಯಿತು. ಮಂದಾಕಿನಿಯ ಬಲಹುಬ್ಬು ಬೆಳ್ಳಗೆ ನೆರೆಯಿತು. ಅಷ್ಟೇ.

ಎದುರುಗಡೆ ಸಂಪಂಗಿರಾಮಯ್ಯನವರು ಬಾಗಿಲ ಪಕ್ಕದಲ್ಲಿದ್ದ, ಕನ್ನಡಿ ತಿರುಗಿಸುವ 'ಮೇಲೆ' ಎಂಬ ಗುಂಡಿ ಒತ್ತಿದರು. ಆದರೆ ಅವರು ವೈರನ್ನು ಅದಲುಬದಲು ಜೋಡಿಸಿದ್ದರು! ಕನ್ನಡಿ ಮೇಲೆ ನೋಡದೆ, ಗಿರ್ರನೆ ಸುತ್ತಿ, ಬಾಗಿಲ ಮೇಲಿನ ಕಿಂಡಿಯಿಂದ ಅವರ ನಡುಮನೆಗೇ ಮುಖಮಾಡಿತು.

"ಕ್ಷಮಿಸಿ," ಎಂದಿತು ಪೆಟ್ಟಿಗೆಯೊಳಗಿನ ಹೆಂಗಸು, "ನೀವು ಕಟ್ಟಿರುವ ಮನೆ ಸರಿಯಾದ ದಿಕ್ಕಿನಲ್ಲಿಲ್ಲ."

ರೊಟ್ಟಿ ಮಗುಚಿದಂಥ ಸದ್ದಾಯಿತು. ಬೀದಿಯವರು ಕಣ್ಣುಜ್ಜಿಕೊಂಡು ನೋಡಿದರೆ ಎದುರು ಮನೆಯ ಬಾಗಿಲಿಲ್ಲ, ಕಿಟಕಿಯಿಲ್ಲ, ಜಗಲಿಯಿಲ್ಲ! ಇಡೀ ಮನೆ ನಿಂತಲ್ಲೇ ತಿರುಗಿ, ಈ ಬೀದಿಗೆ ಬರಿಯ ಹಿಂಗೋಡೆ, ಬಚ್ಚಲ ಕೊಳವೆ ಮತ್ತು ಒಣಹಾಕಿದ್ದ ಎರಡು ಪಂಚೆ ಮಾತ್ರ ಕಾಣುತ್ತಿದ್ದವು.

"ನನ್ನ ಬಾಗಿಲೆಲ್ಲಿ?" ಎಂದು ಚೂಡಾಮಣಿ ಗೋಡೆ ತಡವಿದರು. "ಒಲೆ ಮೇಲೆ ಸಾರಿದೆ ಕಣ್ರೀ!" ಎಂದು ಗೋಡೆಗೇ ಹೇಳಿ, ಸೀರೆ ಎತ್ತಿಕಟ್ಟಿ ಹಿಂದಿನ ಬೀದಿಯ ಕಡೆಗೆ ಓಡಿದರು.

ಸ್ಕೂಟರು ಗೆರೆ ದಾಟಿತು. ಪಂಕ್ಚರಾಗಲಿಲ್ಲ. ಮಂದಾಕಿನಿ ಸ್ಟೂಲಿನಿಂದಿಳಿದು ಓಡಿಹೋಗಿ ಹಿಂದಿನ ಕೋಣೆಯ ಬಾಗಿಲು ತೆಗೆದಳು. ಅಶ್ವತ್ಥ ಎರಡೂ ಕಾಲ ಮೇಲೆ ನೆಟ್ಟಗೆ ನಿಂತಿದ್ದ. ಇಂಚರ ಅಮ್ಮನನ್ನು ನೋಡಿ ಪೆನ್ಷನ್ ಕೇಳಲಿಲ್ಲ. ನೆಲಕ್ಕೆ ಬಿದ್ದು ಉರುಳಾಡಿ, ಚಾಕೊಲೇಟು ಬೇಕೆಂದು ಬೀದಿ ಹಾರಿಹೋಗುವಂತೆ ಅತ್ತಿತು. ಶ್ರೀಲತಾಳ ಕಣ್ಣಲ್ಲಿ ನೀರು ಬಂತು.

"ಮೊದಲಿನ ಹಾಗೇ ಹಟ ಮಾಡ್ತಿದಾಳೆ ಮೇಡಂ! ಸೋಮವಾರ ಎಂಟೂವರೆಗೆ ಕರ್ಕೊಂಡು ಬರ್ತೀನಿ."

ಇನ್ನೂ ಆರು ತಾಯಂದಿರು ಹಾಗೆಯೇ ಹೇಳಿದರು. ಇಬ್ಬರು ಮಾತ್ರ ಮಂದಾಕಿನಿಯ ಬಿಳಿ ಹುಬ್ಬನ್ನು ನೋಡಿ, ಯೋಚಿಸಿ ಹೇಳುತ್ತೇವೆಂದರು. ಅವಳು ಅವರನ್ನು ತಪ್ಪೆನ್ನಲಿಲ್ಲ. ತಪ್ಪು ಯಾರದ್ದೆಂದು ನೋಟ್‌ಬುಕ್ಕಿನಲ್ಲಿ ಹೊತ್ತಿನ ಸಮೇತ ಇತ್ತು.

ಮಾರನೆಯ ಬೆಳಿಗ್ಗೆ ಸಂಪಂಗಿರಾಮಯ್ಯನವರು ಎರಡು ಬೀದಿ ಸುತ್ತಿಕೊಂಡು, ಎಡಗಾಲು ಕುಂಟುತ್ತ ಬಂದು ಬಾತುಕೋಳಿಗಳ ಗೇಟಿನ ಮುಂದೆ ನಿಂತರು. ಮುಖ ಮಾತ್ರ ಅರಳಿತ್ತು.

"ನೋಡಿದಿರಾ ಮಂದಾಕಿನಮ್ಮಾ! ಪಶ್ಚಿಮಕ್ಕಿದ್ದ ಬಾಗಿಲು ಈಗ ಪೂರ್ವಕ್ಕೆ! ಜಗತ್ತಿನಲ್ಲಿ ಯಾವ ಯಂತ್ರ ಇದನ್ನ ಮಾಡಿದೆ? ಸಣ್ಣಪುಟ್ಟ ರಿಪೇರಿ ಮುಗಿಸಿದರೆ ನಿಮ್ಮ ಮನೆಯನ್ನೂ..."

ಮಂದಾಕಿನಿ ಗೇಟು ಮುಚ್ಚಿ ಚಿಲಕ ಹಾಕಿದಳು.

"ಹೊಸ ಬೀದಿಗೆ ಹೋದವರು ಹಳೇ ಬೀದಿಗೆ ಪದೇ ಪದೇ ಬರಬಾರದು ಸಾರ್," ಎಂದಳು. "ಶಕ್ತಿಯ ಹರಿವಿಗೆ ಒಳ್ಳೇದಲ್ಲ."