ಎಳೆ ಬಿಟ್ಟ ಬ್ರೆಡ್ಡು

ಮಾಸ್ತರಿಕೆಗೆ ಒಂದು ಕಾಯಿಲೆ ಇದೆ. ನಲವತ್ತು ಮಕ್ಕಳು ಪ್ರತಿ ಮಾತಿಗೂ "ಹೌದ್ರೀ ಸರ್" ಎನ್ನುವುದನ್ನು ವರ್ಷಗಟ್ಟಲೆ ಕೇಳಿದವನಿಗೆ, ಶಾಲೆಯ ಹೊರಗೂ ಜಗತ್ತೆಲ್ಲ ಬೆಂಚಿನ ಮೇಲೆ ಕೈಕಟ್ಟಿ ಕೂತಿದೆ ಎಂಬ ಭ್ರಮೆ ಹತ್ತುತ್ತದೆ. ಮದುವೆಯಾದರೆ ಸ್ವಲ್ಪ ಗುಣ ಕಾಣುತ್ತದಂತೆ. ನನಗೆ ಅದೂ ಕಾಣಲಿಲ್ಲ. ಎಪ್ಪತ್ತರ ದಶಕದ ಕೊನೆಯ ಮಾತು. ಗದಗಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತ, ನೇಕಾರರ ಊರಾದ ಬೆಟಗೇರಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ಆಗ ನಾನು ಬಹಳ ಗಟ್ಟಿಯಾಗಿ ಹೇಳುತ್ತಿದ್ದ ಸಂಗತಿಯೆಂದರೆ, ಕಾಯಿಸಿ ಕುದಿಸಿದರೆ ಕ್ರಿಮಿಗಳೆಲ್ಲ ಸಾಯುತ್ತವೆ ಎಂಬುದು. ನೀರು ಕುದಿಸು, ಹಾಲು ಇನ್ನೊಮ್ಮೆ ಕುದಿಸು ಎಂದು ಮನೆಯಲ್ಲೂ ಒಂದೇ ವರಾತ. ಕೊನೆಗೊಂದು ದಿನ ನನ್ನ ಹೆಂಡತಿ ಗಿರಿಜಾ ಮೊಸರನ್ನೂ ಕುದಿಸಿ ತಂದಿಟ್ಟಳು. "ಈಗ ಉಣ್ರಿ, ಒಂದ ಹುಳಾನೂ ಉಳಿದಿಲ್ಲ" ಎಂದಳು. ಮೊಸರೂ ಉಳಿದಿರಲಿಲ್ಲ.

ನಮ್ಮ ಓಣಿಯ ಕೊನೆಗೆ ಹುಸೇನಸಾಬನ ಬೇಕರಿ. ಒಂದು ಕಟ್ಟಿಗೆಯ ಭಟ್ಟಿ, ಹಿಟ್ಟು ನಾದಲು ಒಂದು ಮರದ ತೊಟ್ಟಿ, ಗಂಡ ಹೆಂಡತಿ ಇಬ್ಬರ ಕೈಕೆಲಸ, ಇಷ್ಟೇ ಅದರ ಬಂಡವಾಳ. ಸುತ್ತಲಿನ ಚಹದಂಗಡಿಗಳಿಗೆಲ್ಲ ಅವನದೇ ಬ್ರೆಡ್ಡು. ಮಾರ್ಚಿನ ಬಿಸಿಲು ಏರಿದ ಒಂದು ದಿನ ಮುಂಡರಗಿಯಿಂದ ನಮ್ಮ ಮಾವನವರು ಬಂದರು. ಗಿರಿಜಾ ಹಿಂದಿನ ದಿನದ ಬ್ರೆಡ್ಡು ಬಿಚ್ಚಿದಳು. ಮಾಗಿ ಕೊಳೆಯುವುದಕ್ಕೆ ಬಂದ ಕರಬೂಜದಂಥ ವಾಸನೆ ಘಮ್ಮೆಂದಿತು. ಮಾವನವರು ಒಂದು ತುಂಡು ಮುರಿದರು. ಎರಡು ಹೋಳುಗಳ ನಡುವೆ ಜೇಡರ ಬಲೆಯಂಥ ಎಳೆಗಳು ಎದ್ದವು. ಕೈ ದೂರ ಮಾಡಿದರು, ಎಳೆಗಳೂ ಉದ್ದವಾದವು. ಗಿರಿಜಾ ಚಹದ ಬಟ್ಟಲು ಅಲ್ಲೇ ಇಟ್ಟು ಹಿಂದೆ ಸರಿದಳು. ಮಾವನವರು ಮಾತ್ರ ಗಂಭೀರವಾಗಿ ಕೇಳಿದರು: "ಅಳಿಯಂದ್ರ, ನಿಮ್ಮ ಬೆಟಗೇರ್ಯಾಗ ಬ್ರೆಡ್ಡನ್ನೂ ಮಗ್ಗದ ಮ್ಯಾಲ ನೇಯ್ತಾರೇನು?"

ಹೆದರಿಕೆ, ಹೇಸಿಕೆ, ಮಾವನ ಮುಂದೆ ಹೋದ ಮಾನ, ಮೂರೂ ಕೂಡಿ ನನ್ನನ್ನು ಬೇಕರಿಯ ತನಕ ಓಡಿಸಿದವು. ಗಿರಾಕಿಗಳು ತುಂಬಿದ್ದರು. ಎಲ್ಲರೆದುರಿಗೆ ಆ ತುಂಡನ್ನು ಜಗ್ಗಿ ತೋರಿಸಿದೆ. ಹುಸೇನಸಾಬನ ಮುಖ ಮೈದಾಹಿಟ್ಟಿನಂತಾಯಿತು.

"ಯಾ ಅಲ್ಲಾ! ಇದೇನ್ರಿ ಮಾಸ್ತರ್ರ? ನಿನ್ನೆ ಮುಂಜಾನಿ ಭಟ್ಟಿಯಿಂದ ನಾನ ತಗದೇನ್ರಿ ಇದನ್ನ. ಚಲೋ ಇತ್ರಿ."

"ಭಟ್ಟಿಯಿಂದ ಬಂದಾಗ ಚಲೋನ ಇರತೈತಿ" ಎಂದೆ. "ಅಷ್ಟು ಬೆಂಕ್ಯಾಗ ಯಾವ ಕ್ರಿಮಿ ಉಳಿತೈತಿ? ಹೊಲಸು ಹತ್ತಿದ್ದು ಆಮ್ಯಾಲ. ನಿಮ್ಮ ಕೈಯಿಂದ, ನೀವು ಬ್ರೆಡ್ಡು ಸುತ್ತೂ ಅರಿವಿಯಿಂದ!"

ಅವನು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಗಿರಾಕಿಗಳೂ ಆ ಕೈಗಳನ್ನೇ ನೋಡುತ್ತಿದ್ದರು. ಸಂಜೆಯ ಹೊತ್ತಿಗೆ ಎರಡು ಚಹದಂಗಡಿಯವರು "ನಾಳಿಂದ ಬ್ಯಾಡ" ಎಂದು ಹೇಳಿ ಕಳಿಸಿದರೆಂದು ತಿಳಿಯಿತು. ನಾನು ಸಾರ್ವಜನಿಕ ಆರೋಗ್ಯ ಕಾಪಾಡಿದ ಸಮಾಧಾನದಲ್ಲಿ ಹೊಟ್ಟೆ ತುಂಬ ಉಂಡು ಮಲಗಿದೆ.

ಪಾಪ, ಹುಸೇನಸಾಬ ನನ್ನ ಮಾತನ್ನು ನಂಬಿದ. ಅರಿವೆಗಳನ್ನು ಕುದಿಸಿದ, ಗೋಡೆಗೆ ಸುಣ್ಣ ಬಳಿದ, ಕೈ ಎಷ್ಟು ತಿಕ್ಕಿ ತೊಳೆದನೆಂದರೆ ಚರ್ಮ ಸುಲಿಯಿತು. ಆದರೂ ಬ್ರೆಡ್ಡು ಎರಡನೆಯ ದಿನಕ್ಕೆ ಎಳೆ ಬಿಡುತ್ತಿತ್ತು. ಕೊನೆಗೆ ಅವನ ಹೆಂಡತಿ ಮಾಬೂಬಿ ನಮ್ಮ ಮನೆ ಬಾಗಿಲಿಗೆ ಬಂದಳು. "ಯಣ್ಣಾ, ನೀವ ಬಂದು ಕುಂತು ನೋಡ್ರಿ. ನಮ್ಮ ಕೈ ಹೊಲಸಿದ್ರ ನೀವ ಕೈ ಹಾಕ್ರಿ" ಎಂದಳು. ಕಣ್ಣಲ್ಲಿ ನೀರಿತ್ತು, ಮಾತಿನಲ್ಲಿ ಬೆಂಕಿ ಇತ್ತು.

ಪ್ರಯೋಗವೆಂದರೆ ನನಗೆ ಹುರುಪು. ರವಿವಾರ ಮುಂಜಾನೆ ಭಟ್ಟಿಯೆದುರು ಹೋಗಿ ಕೂತೆ. ಬ್ರೆಡ್ಡು ಕೆಂಪಗಾಗಿ ಹೊರಬಂದ ಕೂಡಲೇ ಯಾರಿಗೂ ಮುಟ್ಟಗೊಡದೆ, ನಾನೇ ಕುದಿಸಿ ಒಣಗಿಸಿದ ಅರಿವೆಯಲ್ಲಿ ಸುತ್ತಿ, ಕುದಿನೀರಲ್ಲಿ ತೊಳೆದ ಬಿಸ್ಕೀಟಿನ ಡಬ್ಬಿಗೆ ಹಾಕಿದೆ. ಮುಚ್ಚಳಕ್ಕೆ ಅರಗು ಮೆತ್ತಿ, ಡಬ್ಬಿಯನ್ನು ನಮ್ಮ ಮನೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ. ಮಂಗಳವಾರ ಸಂಜೆ ಗಂಡ ಹೆಂಡತಿ ಇಬ್ಬರನ್ನೂ ಕರೆಸಿ, ನಾಲ್ಕು ಮಂದಿ ನೆರೆಯವರನ್ನು ಕೂಡಿಸಿ, ಸಣ್ಣದೊಂದು ಭಾಷಣ ಮಾಡಿ ಮುಚ್ಚಳ ತೆಗೆದೆ.

ಕರಬೂಜ.

ಮುರಿದು ನೋಡಿದರೆ ಒಳಗೆಲ್ಲ ಕಂದು ಅಂಟು. ಎಳೆ ನನ್ನ ಬೆರಳಿಂದ ಮೊಣಕೈ ತನಕ ಬಂತು. ಅದನ್ನು ಭಟ್ಟಿಯಿಂದ ಈಚೆ ಮುಟ್ಟಿದವನು ಜಗತ್ತಿನಲ್ಲಿ ನಾನೊಬ್ಬನೇ. ಒಬ್ಬರೂ ನಗಲಿಲ್ಲ. ಹುಸೇನಸಾಬ ಮೆಲ್ಲಗೆ, ಬೈಯುವ ದನಿಯಲ್ಲಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳಿದ: "ಮಾಸ್ತರ್ರ, ನಿಮ್ಮ ಕೈನೂ ಹೊಲಸೇನ್ರಿ ಹಂಗಾದ್ರ?"

ಧಾರವಾಡದಲ್ಲಿ ನನಗೆ ಪಾಠ ಹೇಳಿದ್ದ ಗುರುಗಳಿಗೆ ಕಾಗದ ಬರೆದೆ. ಉತ್ತರ ಬಂತು. ಕೆಲವು ಬ್ಯಾಕ್ಟೀರಿಯಾಗಳು ಕಷ್ಟಕಾಲದಲ್ಲಿ ಗಟ್ಟಿ ಕವಚದೊಳಗೆ ಬೀಜಾಣುಗಳಾಗಿ ಮಲಗಿಬಿಡುತ್ತವೆ. ಹೊಲದ ಮಣ್ಣಿನಿಂದ ಗೋಧಿಗೆ, ಗೋಧಿಯಿಂದ ಹಿಟ್ಟಿಗೆ ಬರುತ್ತವೆ. ಭಟ್ಟಿ ಎಷ್ಟೇ ಕೆಂಡವಾಗಿರಲಿ, ಹಸಿ ಹಿಟ್ಟಿನ ನಟ್ಟನಡುವಿನ ಶಾಖ ಕುದಿನೀರಿನ ಶಾಖ ದಾಟುವುದಿಲ್ಲ. ಆ ಶಾಖಕ್ಕೆ ಅವು ಸಾಯುವುದಿಲ್ಲ. ಉಳಿದ ಕ್ರಿಮಿಗಳೆಲ್ಲ ಸತ್ತು ಮೈದಾನ ಖಾಲಿಯಾದ ಮೇಲೆ, ಬೇಸಿಗೆಯ ಸೆಕೆಯಲ್ಲಿ ಆರಾಮಾಗಿ ಎದ್ದು ಮೊಳೆಯುತ್ತವೆ. ಬಿಸಿ ಬ್ರೆಡ್ಡನ್ನು ಸುತ್ತಿ ಡಬ್ಬಿಯಲ್ಲಿ ಮುಚ್ಚಿಟ್ಟರೆ ಅವಕ್ಕೆ ಇನ್ನೂ ಸುಖ ಎಂದೂ ಗುರುಗಳು ಬರೆದಿದ್ದರು. ಅಂದರೆ ನಾನು ಕಪಾಟಿನಲ್ಲಿಟ್ಟು ಕೀಲಿ ಹಾಕಿ ಅವಕ್ಕೆ ಬಾಣಂತನ ಮಾಡಿದ್ದೆ. ಪರಿಹಾರ ಸರಳವಿತ್ತು: ನಾದುವ ತೊಟ್ಟಿಯ ಸಂದುಗಳಲ್ಲಿ ಕೂತ ಹಳೆ ಹಿಟ್ಟು ಕೆರೆದು ತೆಗೆಯುವುದು, ಅವಕ್ಕೆ ಹುಳಿ ಆಗದ್ದರಿಂದ ಹಿಟ್ಟಿಗೆ ಸ್ವಲ್ಪ ಸಿರ್ಕಾ, ಅಂದರೆ ವಿನೆಗರ್, ಬೆರೆಸುವುದು, ಬ್ರೆಡ್ಡು ಪೂರ್ತಿ ಆರಿದ ಮೇಲೆ ಸುತ್ತುವುದು. ಸಿರ್ಕಾ ಮಾಬೂಬಿಯ ಅಡುಗೆಮನೆಯಲ್ಲೇ ಇತ್ತು. ಒಂದೇ ವಾರದಲ್ಲಿ ಎಳೆ ನಿಂತಿತು.

ಹುಸೇನಸಾಬನ ಕಾಲು ಹಿಡಿಯುವುದೊಂದು ಬಾಕಿ, ಅಷ್ಟು ಕ್ಷಮೆ ಕೇಳಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಕೆಡಿಸಿದ ಹೆಸರನ್ನು ನಾನೇ ಸರಿಪಡಿಸುತ್ತೇನೆಂದು ಅವನೊಡನೆ ಚಹದಂಗಡಿಗೆ ಹೊರಟೆ. ಅಂಗಡಿಯವನಿಗೆ ಬೀಜಾಣುಗಳ ಕವಚದಿಂದ ಮೊದಲುಮಾಡಿ ಎಲ್ಲವನ್ನೂ ವಿವರಿಸಿದೆ. ಅವನು ಚಹ ಸೋಸುವುದನ್ನೇ ನಿಲ್ಲಿಸಿದ. "ಅಲ್ರಿ ಸರ್, ಕೈ ಹೊಲಸಿದ್ರ ತೊಳದ್ರ ಆತು. ಈಗ ಭಟ್ಟ್ಯಾಗ ಹಾಕಿದ್ರೂ ಸಾಯದ ಹುಳಾ ಐತಿ ಅಂತೀರಿ. ಇದನ್ನ ಕೇಳಿ ಯಾರ ತಿಂತಾರ್ರಿ ಬ್ರೆಡ್ಡು?" ಅಲ್ಲಿ ಕೂತು ತಿನ್ನುತ್ತಿದ್ದವನೊಬ್ಬ ತನ್ನ ಕೈಯಲ್ಲಿದ್ದ ಬನ್ನನ್ನು ಮೆಲ್ಲಗೆ ತಟ್ಟೆಗೆ ಇಳಿಸಿದ.

ಹುಸೇನಸಾಬ ನನ್ನ ರಟ್ಟೆ ಹಿಡಿದು ಹೊರಗೆ ತಂದ. "ನಿಮಗ ಕೈ ಮುಗಿತೀನ್ರಿ ಮಾಸ್ತರ್ರ, ಇನ್ನ ನೀವು ಸುಮ್ಮನಿರ್ರಿ" ಎಂದ. ಮರುದಿನ ಮಾಬೂಬಿ ತಾನೇ ಹೋಗಿ, ಹಿಟ್ಟು ಕೆಟ್ಟಿತ್ತು, ಬದಲಿ ಮಾಡೇವಿ ಎಂದು ಒಂದೇ ಮಾತು ಹೇಳಿ, ಒಂದು ತುಂಡು ತಿಂದು ತೋರಿಸಿ ಬಂದಳು. ಬಿಟ್ಟ ಅಂಗಡಿಗಳೆಲ್ಲ ಮತ್ತೆ ಅವರ ಬ್ರೆಡ್ಡಿಗೇ ತಿರುಗಿದವು.

ಎಲ್ಲ ಮುಗಿಯಿತೆಂದು ನಾನು ಉಸಿರು ಬಿಡುವಾಗ ಹುಸೇನಸಾಬ ಒಂದು ಮಾತು ಹೇಳಿದ. "ನಮ್ಮ ಮಗಳು ಜುಬೇದಾ ನಿಮ್ಮ ಒಂಬತ್ತನೇ ಇಯತ್ತ್ಯಾಗ ಓದ್ತಾಳಲ್ರಿ, ಆಕಿ ಮೊದಲನೇ ದಿನಾನ ಅಂದಿದ್ಲು, ಕುದಿಸಿದ್ರೂ ಸಾಯದ್ದು ಇರತಾವ, ಪುಸ್ತಕದಾಗ ಸಣ್ಣ ಅಕ್ಷರದಾಗ ಐತಿ ಅಂತ. ನಾನ ಬೈದೆ, ಮಾಸ್ತರಗಿಂತ ಶಾಣ್ಯಾಕಿ ಆದೇನ ನೀ ಅಂತ."

ನಾನು ಶಾಲೆಗೆ ಹೋಗಿ ಪುಸ್ತಕ ತೆಗೆದೆ. ಪಾಠದ ಅಡಿಯಲ್ಲಿ ಎರಡು ಸಾಲು, ಪರೀಕ್ಷೆಗೆ ಬರುವುದಿಲ್ಲವೆಂದು ನಾನು ವರ್ಷವರ್ಷವೂ ಬಿಟ್ಟದ್ದು. ಕಪಾಟಿನಿಂದ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಇಳಿಸಿ ಜುಬೇದಾಳದನ್ನು ಹುಡುಕಿದೆ. "ಕುದಿಸಿದರೆ ಬೀಜಾಣುಗಳ ಹೊರತು ಉಳಿದವು ಸಾಯುತ್ತವೆ" ಎಂದು ದುಂಡಗೆ ಬರೆದಿದ್ದಳು. ಅದರ ಮೇಲೆ ನನ್ನ ಕೆಂಪು ಗೀಟು, ಎರಡು ಅಂಕ ಖೋತಾ. ಪಕ್ಕದಲ್ಲಿ ನನ್ನದೇ ಮುದ್ದಾದ ಅಕ್ಷರಗಳಲ್ಲಿ: "ತಪ್ಪು. ಪುಸ್ತಕವನ್ನು ಸರಿಯಾಗಿ ಓದುವುದು."

ಅವಳನ್ನು ಕರೆದು, ಎರಡು ಅಂಕ ಸೇರಿಸಿ, ಪತ್ರಿಕೆ ಕೈಗಿತ್ತೆ. ಹುಡುಗಿ ಅಂಕ ನೋಡಿ ಸಂತೋಷಪಟ್ಟಳು. ಆಮೇಲೆ ಆ ಕೆಂಪು ಸಾಲಿನ ಮೇಲೆ ಬೆರಳಿಟ್ಟು ಬಹಳ ವಿನಯದಿಂದ ಕೇಳಿದಳು: "ಸರ್, ಇದನ್ನ ಹೊಡದ ಹಾಕೂದ್ರೀ, ಇಲ್ಲಾ ಇರಲ್ರೀ?"

"ಇರಲಿ" ಎಂದೆ. ಪತ್ರಿಕೆ ವಾಪಸು ಇಸಿದುಕೊಂಡು, ಆ ಸಾಲಿನ ಮೊದಲಿಗೆ, ಯಾರಿಗೆ ಹೇಳಿದ್ದೆಂದು ತಿಳಿಯಲಿ ಎಂದು, ನನ್ನ ಹೆಸರು ಬರೆದುಕೊಟ್ಟೆ.