ಪಿಂಕಿ ಎಂಬ ಹೆಸರಿನಲ್ಲಿ ನಾನು

ಈ ಪರೀಕ್ಷೆಗೆ ನನಗೆ ತಗುಲಿದ್ದು ಅರ್ಧ ದಿನದ ವ್ಯಾಪಾರ, ಇಡೀ ಬೀದಿಗೆ ಟೀ ಮತ್ತು ಮಗಳ ನಂಬಿಕೆ. ಟೀ ಬಿಲ್ಲನ್ನು ಚೌಕಾಸಿ ಮಾಡಿ ಇಳಿಸಿದೆ. ಉಳಿದವಕ್ಕೆ ಚೌಕಾಸಿ ನಡೆಯಲಿಲ್ಲ!

ದೊಡ್ಡಬಳ್ಳಾಪುರದಲ್ಲಿ ನನ್ನದು ಮಗ್ಗದ ಬಿಡಿಭಾಗಗಳ ಅಂಗಡಿ. ಮೊಬೈಲ್ ಆಟಗಳಲ್ಲಿ ಅಪರಿಚಿತರು ಮಕ್ಕಳಿಂದ ವಿವರ ಕೇಳುತ್ತಾರೆಂದು ಶಾಲೆಯ ಪೋಷಕರ ಸಭೆಯಲ್ಲಿ ಎಚ್ಚರಿಸಿದರು. ಏಳನೇ ತರಗತಿಯ ಮಗಳು ಚೈತ್ರಾ ಅಮ್ಮನ ಫೋನಿನಲ್ಲಿ ಆಡುತ್ತಾಳೆ. ಬುದ್ಧಿವಾದ ಯಾಕೆ? ಮಾಲನ್ನು ಪರೀಕ್ಷಿಸಿಯೇ ತೆಗೆದುಕೊಳ್ಳುವವನು ನಾನು! ಶಾಲೆಗೆ ರಜೆಯಿದ್ದ ದಿನ ಅಂಗಡಿಯಲ್ಲೇ ಕೂತು, ‘ಪಿಂಕಿ, ವಯಸ್ಸು ಹನ್ನೆರಡು’ ಎಂದು ಅದೇ ಆಟಕ್ಕೆ ಸೇರಿ ಚೈತ್ರಾಳಿಗೆ ಮೆಸೇಜ್ ಹಾಕಿದೆ.

“ನಿಮ್ ಸ್ಕೂಲ್ ಯಾವ್ದು?”

“ಹೇಳಲ್ಲ.”

ಶಭಾಷ್! ಅಲ್ಲಿಗೇ ನಿಲ್ಲಿಸಬೇಕಿತ್ತು. ಆದರೆ ನನ್ನ ಕಸುಬಿನಲ್ಲಿ ವ್ಯಾಪಾರ ಶುರುವಾಗುವುದೇ ಮೊದಲ ‘ಇಲ್ಲ’ದಿಂದ.

“ಹೋಗ್ಲಿ, ಬೀದಿ ಹೇಳು.”

“ನಿಂದು ಮೊದ್ಲು ಹೇಳು.”

ಕಣ್ಣಿಗೆ ಬಿದ್ದ ವಿಳಾಸವನ್ನೇ ಕೊಟ್ಟುಬಿಟ್ಟೆ: ಎದುರಿನ ಬೇಕರಿಯದು! “ಈಗ ನಿಂದು? ನಂದೂ ಬೇಡ ನಿಂದೂ ಬೇಡ, ಫೋನ್ ನಂಬರಲ್ಲಿ ಐದಂಕಿ ಸಾಕು!”

ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ಸುಧಾ, ಪಕ್ಕದ ಮನೆಯ ನೂರ್‌ಜಹಾನ್ ಮತ್ತು ಚೈತ್ರಾ ಆಟೋದಿಂದ ಇಳಿದರು. ಇಳಿದವರು ನೇರವಾಗಿ ಬೇಕರಿಗೆ ನುಗ್ಗಿದರು!

“ಮಂಜಣ್ಣ, ನನ್ ಮಗಳ ನಂಬರ್ ಕೇಳೋಷ್ಟು ಧೈರ್ಯ ಬಂತಾ? ನಡಿ ಸ್ಟೇಷನ್‌ಗೆ!”

“ಅಯ್ಯೋ ತಾಯಿ, ನಂಗೆ ಬಟನ್ ಫೋನ್ ಕಣಮ್ಮ!” ಬೇಕರಿಯ ಮಂಜಣ್ಣ ಕೈಯಲ್ಲಿದ್ದ ಬನ್ ಬಿಟ್ಟು ಫೋನ್ ಎತ್ತಿ ತೋರಿಸಿದ.

ಬೀದಿಯೇ ಸೇರಿತು. ನಾನೂ ಓಡಿದೆ. ನಿಜ ಹೇಳಲು ಬಾಯಿ ತೆರೆದರೆ ಹೊರಟದ್ದು, “ಯಾವನೋ ಅವ್ನು!”

ಚೈತ್ರಾ ತಾನು ತೆಗೆದಿಟ್ಟಿದ್ದ ಆ ಮಾತುಕತೆಯ ಸ್ಕ್ರೀನ್‌ಶಾಟ್ ನೋಡಿದಳು, ನನ್ನನ್ನು ನೋಡಿದಳು.

“ಅಮ್ಮಾ, ಮಂಜಣ್ಣ ಅಂಕಲ್ ಅಲ್ಲ. ‘ನಂದೂ ಬೇಡ ನಿಂದೂ ಬೇಡ’ ಅಂತ ಎಲ್ಲದಕ್ಕೂ ಚೌಕಾಸಿ ಮಾಡೋದು ಅಪ್ಪ ಒಬ್ನೇ.”

“ರೀ!” ಎಂದಳು ಸುಧಾ. ಅಷ್ಟೇ. ಅಷ್ಟು ಸಾಕಿತ್ತು.

“ಪಿಂಕಿ, ವಯಸ್ ಐವತ್ತು!” ಎಂದು ನಕ್ಕರು ನೂರ್‌ಜಹಾನ್. ಬೀದಿಯೂ ನಕ್ಕು, ದಂಡವಾಗಿ ಟೀ ಕೇಳಿತು. ಚೈತ್ರಾ ಮಾತ್ರ ನಗಲಿಲ್ಲ.

“ನನ್ನನ್ನೇ ಕೇಳಿದ್ರೆ ಎಲ್ಲಾ ತೋರಿಸ್ತಿದ್ನಲ್ಲಪ್ಪಾ. ನಿಜ್ವಾಗ್ಲೂ ಹೆದರ್ಕೊಂಡಿದ್ದೆ.”

ಆದ್ದರಿಂದ ಓದುಗರೇ, ಸುಳ್ಳು ಹೆಸರಿನಲ್ಲಿ ಮಕ್ಕಳನ್ನು ಪರೀಕ್ಷಿಸಬೇಡಿ. ಪಕ್ಕದಲ್ಲಿ ಕೂತು ಆಟ ನೋಡಿ. ಯಾರಾದರೂ ಶಾಲೆ, ಬೀದಿ, ನಂಬರ್, ಫೋಟೋ ಕೇಳಿದರೆ ಕೊಡದೆ, ಸ್ಕ್ರೀನ್‌ಶಾಟ್ ಇಟ್ಟುಕೊಂಡು, ಬ್ಲಾಕ್ ಮಾಡಿ, ಮನೆಯಲ್ಲಿ ಹೇಳಲು ಕಲಿಸಿ. ಹೇಳಿದಾಗ ಬೈಯಬೇಡಿ. ಇಷ್ಟನ್ನೂ ನನಗೆ ಕಲಿಸಿದವಳು ಚೈತ್ರಾ. ಅವಳ ಬ್ಲಾಕ್ ಪಟ್ಟಿಯಲ್ಲಿ ಸದ್ಯಕ್ಕೆ ಇರುವುದು ಒಂದೇ ಹೆಸರು!