ಅತ್ತೆಯ ರೊಟ್ಟಿ ಪಾರ್ಸಲ್ಲು

ನಿಮಗೆ ನೆಂಟರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ನಮ್ಮ ಸೋದರತ್ತೆ, ಭೂಮಿಯ ಮೇಲಿರುವ ಅಷ್ಟೂ ಮಂದಿ ಎನ್ನುತ್ತಿದ್ದರು. ತಮಾಷೆಗಲ್ಲ, ನಿಜವಾಗಿಯೂ! ಶಹಾಬಾದಿನ ಶಾಲೆಯೊಂದರಲ್ಲಿ ಮೂರನೆಯ ಇಯತ್ತೆಗೆ ಅವರೇ ಶಿಕ್ಷಕಿ. ನನ್ನ ದುರದೃಷ್ಟ, ನಾನೂ ಅದೇ ಇಯತ್ತೆಯಲ್ಲಿದ್ದೆ.

ನೀರು ಭೂಮಿಯ ಮೇಲಿನವರೆಲ್ಲರದು ಎಂಬುದು ಅತ್ತೆಯ ಪಾಠ. ಹಾಗಾಗಿ ನಾವು ಬರೆಯುವ ಪಾಟಿ ತೊಳೆದ ನೀರು ಅಂಗಳದ ಪಪ್ಪಾಯಿ ಗಿಡದ ಬುಡಕ್ಕೇ ಬೀಳಬೇಕು. ಆಚೆ ಬಿದ್ದರೆ ಗಿಡದ ಕ್ಷಮೆ ಕೇಳಬೇಕು. ಆ ಗಿಡಕ್ಕೆ ನಾನು ಕೈಮುಗಿದಷ್ಟು ಸಲ ದೇವರಿಗೂ ಮುಗಿದಿಲ್ಲ.

ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಅರ್ಧ ಲೋಟ ನೀರು ಕುಡಿದು ಉಳಿದದ್ದನ್ನು ಅಂಗಳಕ್ಕೆ ಚೆಲ್ಲಿದರು. ಮುಂದಿನ ಸಾಲಿನ ಶಮೀಮ ಎದ್ದು ನಿಂತಳು.

"ಸಾಹೇಬ್ರ, ಅದು ಗಿಡಕ್ಕ ಹಾಕ್ಬೇಕಿತ್ರಿ."

"ಯಾಕವ್ವ, ಅದೇನು ನಿಮ್ಮ ನೀರೇನು?"

"ನಮ್ದಷ್ಟೇ ಅಲ್ರಿ. ಜಪಾನದವ್ರದೂ ಅದ ರೀ."

ಸಾಹೇಬರು ಎದ್ದು ಹೋಗಿ ಖಾಲಿ ಲೋಟವನ್ನು ಗಿಡದ ಬುಡಕ್ಕೆ ಬೋರಲು ಹಿಡಿದರು. ಜಪಾನಿನ ಪಾಲಿಗೆ ಎರಡು ಹನಿ ಬಿದ್ದವು.

ಅದೇ ವರ್ಷ ಯಾವುದೋ ದೂರದ ದೇಶದಲ್ಲಿ ನೆರೆ ಬಂದ ಸುದ್ದಿಯನ್ನು ಅತ್ತೆ ರೇಡಿಯೋದಲ್ಲಿ ಕೇಳಿದರು. ಮಾರನೆಯ ದಿನವೇ ನಮ್ಮೆಲ್ಲರ ಮನೆಯಿಂದ ಖಡಕ್ ರೊಟ್ಟಿ ತರಿಸಿ, ಚೀಲದಲ್ಲಿ ತುಂಬಿ ಹೊಲಿದು, ಇಡೀ ಇಯತ್ತೆಯನ್ನು ಕರೆದುಕೊಂಡು ಅಂಚೆ ಕಚೇರಿಗೆ ಹೊರಟರು.

"ವಿಳಾಸ ಏನಂತ ಬರೀಲ್ರಿ ಅಕ್ಕೋರ?" ಎಂದರು ಪೋಸ್ಟ್ ಮಾಸ್ತರರು.

"ಹಸಿದವರಿಗೆ ಅಂತ ಬರೀರಿ."

"ಹಂಗ ಬರದ್ರ ಇದು ನಮ್ಮ ಮನೀಗೇ ಬರ್ತದ್ರಿ."

ಚೀಲ ವಾಪಸ್ಸಾಯಿತು. ಅತ್ತೆ ಕಚೇರಿಯ ಕಟ್ಟೆಯ ಮೇಲೆ ಮುಖ ಸಣ್ಣದು ಮಾಡಿಕೊಂಡು ಕುಳಿತರು. ಶಮೀಮ ಹತ್ತಿರ ಹೋದಳು.

"ಅಷ್ಟು ದೂರ ಯಾಕ್ರಿ ಅಕ್ಕೋರ? ನಮ್ಮ ಕಲ್ಲಿನ ಖಣಿಗೆ ತೆಲುಗು ಮಂದಿ ಕೆಲಸಕ್ಕ ಬಂದಾರಲ್ರಿ. ಅವ್ರ ಹುಡುಗ್ಯಾರಿಗೆ ಹೊಟ್ಟಿತುಂಬ ರೊಟ್ಟೀನೂ ಇಲ್ರಿ, ಸಾಲೀನೂ ಇಲ್ರಿ."

ಅತ್ತೆ ಕಟ್ಟೆಯಿಂದ ಎದ್ದರು. "ದಿನಾ ಅದೇ ದಾರೀಲೆ ಬರ್ತೀನವ್ವ. ನನಗ ಕಾಣ್ಲೇ ಇಲ್ಲ ನೋಡು" ಎಂದರು.

ಚೀಲ ಹೊತ್ತು ನೇರ ಗಣಿಗೆ ನಡೆದೆವು. ಅತ್ತೆಯ ತೆಲುಗು ಕೇಳಿ ಅಲ್ಲಿನ ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಅತ್ತೆ ಬಿಟ್ಟಾರೆಯೇ? ರೊಟ್ಟಿ ಹಂಚಿ, ಸಂಜೆಯವರೆಗೆ ಕುಳಿತು, ಹುಡುಗಿಯರನ್ನು ಶಾಲೆಗೆ ಕಳಿಸಲು ಅವರನ್ನು ಒಪ್ಪಿಸಿಯೇ ಎದ್ದರು.

ಸೋಮವಾರ ಅಕ್ಕತಂಗಿಯರಿಬ್ಬರು ತಲೆತುಂಬ ಕಲ್ಲಿನ ಪುಡಿಯೊಡನೆ ಬಾಗಿಲಲ್ಲಿ ನಿಂತಿದ್ದರು. ನಮ್ಮ ಮಾತು ಅವರಿಗೆ ತಿಳಿಯದು. ಶಮೀಮ ಹೋಗಿ ಇಬ್ಬರ ಕೈ ಹಿಡಿದು ತಂದು ತನ್ನ ಚಾಪೆಯ ಮೇಲೆ ಕೂರಿಸಿದಳು. ಜಾಗ ಸಾಲಲಿಲ್ಲ, ತಾನು ಬರಿನೆಲದ ಮೇಲೆ ಕುಳಿತಳು.

ಅತ್ತೆ ಹಾಜರಿ ಕರೆಯತೊಡಗಿದರು. ಕೊನೆಗೆ ಎರಡು ಹೊಸ ಹೆಸರು ಬಂದವು. ಹೇಗೆ ಉತ್ತರಿಸಬೇಕೆಂದು ಆ ಹುಡುಗಿಯರಿಗೆ ಗೊತ್ತಾಗಲಿಲ್ಲ. ಅವರ ಪರವಾಗಿ ನಾವೆಲ್ಲ ಒಟ್ಟಿಗೆ ಎದ್ದು ಹೇಳಿದೆವು, "ಹಾಜರ್ ರೀ."